ವಿಷದ ಡಬ್ಬಿಗೆ ಮುಂಚೆ ಹುಳ ಎಣಿಸೋಣ

ಮಕ್ಕಳೇ, ಹೊಸೂರು ಕಡೆ ಕೋಳಿ ಫಾರಂ ಇರುವ ಮನೆಯವರು ನಿಮ್ಮಲ್ಲೂ ಇರಬಹುದು. ಶೆಡ್ಡಿನ ನೆಲಕ್ಕೆ ಹರಡಿದ ಭತ್ತದ ಹೊಟ್ಟನ್ನು ಒಮ್ಮೆ ಕಡ್ಡಿಯಿಂದ ಕೆದಕಿ ನೋಡಿ. ಸುಮಾರು 6 ಮಿಲಿಮೀಟರ್ ಉದ್ದದ ಹೊಳೆಯುವ ಕರಿ ಜೀರುಂಡೆಗಳು, ಕಂದು ಬಣ್ಣದ ಮರಿಹುಳುಗಳು ಗಡಿಬಿಡಿಯಲ್ಲಿ ಓಡುತ್ತವೆ. ಹೆಸರು ಆಲ್ಫಿಟೋಬಿಯಸ್ ಡಯಾಪೆರಿನಸ್. "ಕೋಳಿ ತಿನ್ನುತ್ತೆ ಬಿಡಿ ಸಾರ್" ಅಂತಾರೆ. ಆದರೆ ಈ ಹುಳ ಚೆಲ್ಲಿದ ಮೇವು, ಹಿಕ್ಕೆ, ಸತ್ತ ಕೋಳಿ ಎಲ್ಲವನ್ನೂ ತಿಂದು, ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ದಾಟಿಸಬಲ್ಲದು.

ಹಾಗಾದ್ರೆ ವಿಷ ಹೊಡೆದರಾಯ್ತಲ್ಲ? ನಾನು ಒಪ್ಪುವುದಿಲ್ಲ. ಹೊಟ್ಟಿನಡಿ, ಗೋಡೆ ಬಿರುಕಲ್ಲಿ ಅಡಗಿದ ಹುಳಕ್ಕೆ ವಿಷ ಸರಿಯಾಗಿ ತಾಗದು. ವಿಷ ತಡೆದುಕೊಂಡು ಉಳಿದವುಗಳ ಸಂತಾನವೇ ಹೆಚ್ಚುತ್ತದೆ. ಕೊನೆಗೆ ಅದೇ ಹೊಟ್ಟು ಗೊಬ್ಬರವಾಗಿ ನಮ್ಮ ಹೊಲಕ್ಕೆ ಬರುತ್ತದೆ.

ಬ್ಯಾಕ್ಟೀರಿಯಾ ಅಂದ್ರೆ ರೋಗ ಅಂತಲೇ ನಮಗೆ ರೂಢಿ. ಆದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಅಂದರೆ ಬಿಟಿ, ಕೀಟಗಳಿಗೆ ಶತ್ರು. 1901ರಲ್ಲಿ ಜಪಾನಿನ ಇಶಿವಾತಾ ಇದನ್ನು ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಕಂಡರು. ಜೀರುಂಡೆಗಳನ್ನು ಕೊಲ್ಲುವ 'ಟೆನೆಬ್ರಿಯೋನಿಸ್' ತಳಿ 1983ರಲ್ಲಿ ಜರ್ಮನಿಯಿಂದ ವರದಿಯಾಯಿತು. ಅದು ಸಿಕ್ಕಿದ್ದು ನಮ್ಮ ಶೆಡ್ಡಿನ ಹುಳದ ದಾಯಾದಿಯಾದ ಹಿಟ್ಟಿನ ಹುಳದಲ್ಲಿ! ಬಿಟಿಯ ಪ್ರೋಟೀನ್ ಹರಳು ಹುಳದ ಹೊಟ್ಟೆಯಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ ರಂಧ್ರ ಮಾಡುತ್ತದೆ. ಹುಳ ತಿನ್ನುವುದು ಬಿಟ್ಟು ಸಾಯುತ್ತದೆ. ಅಂಟಿಕೊಳ್ಳಲು ತಕ್ಕ ಜಾಗ ಕೋಳಿಯ ಕರುಳಿನಲ್ಲಿ ಇಲ್ಲ.

ಹಾಗಂತ ಇದು ಮಂತ್ರದಂಡ ಅಲ್ಲ. ಹುಳ ತಿಂದರೆ ಮಾತ್ರ ಕೆಲಸ. ಮೈಗೆ ತಾಗಿದರೆ ಸಾಲದು. ಎಳೆ ಮರಿಹುಳು ಬೇಗ ಸಾಯುತ್ತದೆ, ದೊಡ್ಡ ಜೀರುಂಡೆ ಅಷ್ಟು ಸುಲಭವಾಗಿ ಸಾಯದು. ಒಂದು ತಳಿ ಎಲ್ಲ ಜೀರುಂಡೆಗೂ ಹೊಂದುವುದಿಲ್ಲ. ಬರೀ ಬಿಟಿಯನ್ನೇ ನೆಚ್ಚಿದರೆ ಅದಕ್ಕೂ ನಿರೋಧ ಹುಟ್ಟುತ್ತದೆ. ಎಲೆಕೋಸು ತಿನ್ನುವ ವಜ್ರಬೆನ್ನಿನ ಪತಂಗದಲ್ಲಿ ಹಾಗೇ ಆಗಿದೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮೊದಲು ಒಣ ಹೊಟ್ಟು, ಸತ್ತ ಕೋಳಿಯ ತಕ್ಷಣದ ವಿಲೇವಾರಿ, ಬ್ಯಾಚ್ ಮುಗಿದಾಗ ಪೂರ್ತಿ ಸ್ವಚ್ಛತೆ. ಅದರ ಜೊತೆಗೆ, ನಮ್ಮ ಶೆಡ್ಡುಗಳಲ್ಲೇ ಪರೀಕ್ಷಿಸಿದ ಬ್ಯಾಕ್ಟೀರಿಯಾ. ವಿಷ ಕಟ್ಟಕಡೆಗೆ.

ನೀವು ಇವತ್ತೇ ಶುರು ಮಾಡಬಹುದು. ಪೈಪಿನ ತುಂಡಿನೊಳಗೆ ಸುಕ್ಕು ರಟ್ಟನ್ನು ಸುತ್ತಿ, ಹೊಟ್ಟಿನ ಮೇಲೆ ಒಂದು ವಾರ ಇಡಿ. ಒಳಗೆ ಸೇರಿದ ಹುಳಗಳನ್ನು ಎಣಿಸಿ ಬರೆದಿಡಿ. ಕೈಗವಸು, ಮಾಸ್ಕ್ ಹಾಕಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಅಪ್ಪ ವಿಷದ ಡಬ್ಬಿ ತರುವ ಮುಂಚೆ ಆ ಲೆಕ್ಕ ತೋರಿಸಿ. ಎಷ್ಟು ಹುಳ ಇದೆ ಅಂತ ಗೊತ್ತಿಲ್ಲದೆ ಹೊಡೆಯುವ ಮದ್ದಿಗೆ ಲೆಕ್ಕವೂ ಇಲ್ಲ, ಲಾಭವೂ ಇಲ್ಲ.