55 ದಾಟಿದ ಗಂಡಸರೆಲ್ಲರಿಗೂ ಪಿಎಸ್‌ಎ ಪರೀಕ್ಷೆ ಬೇಕೆ?

ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವುದೇ ಪಿಎಸ್‌ಎ ಪರೀಕ್ಷೆ. 1986ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಮೊದಲೇ ಗೊತ್ತಾದವರ ಮೇಲೆ ನಿಗಾ ಇಡಲಿಕ್ಕೆ. ರೋಗಪತ್ತೆಗೂ ಬಳಸಬಹುದು ಎಂದದ್ದು 1994ರಲ್ಲಿ. ಈಗ ನಮ್ಮ ಊರುಗಳ ಲ್ಯಾಬ್‌ಗಳ ‘ಫುಲ್ ಬಾಡಿ ಚೆಕಪ್’ ಪಟ್ಟಿಯಲ್ಲಿ ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಜೊತೆಗೆ ಅದೂ ಸೇರಿಕೊಂಡಿದೆ. ಇದು ಎಲ್ಲರಿಗೂ ವಾಡಿಕೆಯಾಗಬೇಕೆ?

ಪರ: ಸದ್ದಿಲ್ಲದ ರೋಗವನ್ನು ಹುಡುಕಿಯೇ ಹಿಡಿಯಬೇಕು

ಆರಂಭದಲ್ಲಿ ಈ ಕ್ಯಾನ್ಸರ್ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ರಾತ್ರಿ ಮೂತ್ರಕ್ಕೆಂದು ಮೂರು ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗುವುದು, ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುವುದು ಇವೆಲ್ಲ ಬಹುಪಾಲು ವಯಸ್ಸಿನೊಂದಿಗೆ ಗ್ರಂಥಿ ದಪ್ಪವಾಗಿ ಬರುವ ತೊಂದರೆಗಳು. ಹಾಗಾಗಿ ‘ತೊಂದರೆ ಬಂದಾಗ ನೋಡೋಣ’ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಈ ರೋಗ ತಾನಾಗಿ ಹೊರಗೆ ಕಾಣಿಸುವ ಹೊತ್ತಿಗೆ ಎಷ್ಟೋ ಸಲ ಸೊಂಟದ ಮೂಳೆಗೋ ಬೆನ್ನುಮೂಳೆಗೋ ಇಳಿದಿರುತ್ತದೆ. ಬೆನ್ನುನೋವಿಗೆ ಎಣ್ಣೆ ತಿಕ್ಕಿಸಿಕೊಂಡು, ನೋವಿನ ಮಾತ್ರೆ ನುಂಗುತ್ತ ತಿಂಗಳುಗಟ್ಟಲೆ ಕಳೆದು ಬರುವ ಹಿರಿಯರನ್ನು ನಮ್ಮ ಮೂತ್ರರೋಗ ತಜ್ಞರು ಚೆನ್ನಾಗಿ ಬಲ್ಲರು. ಆಗ ಮುಖ್ಯವಾಗಿ ಉಳಿಯುವುದು ಗಂಡು ಹಾರ್ಮೋನನ್ನು ಅಡಗಿಸುವ ದಾರಿ. ಅದನ್ನು 1941ರಲ್ಲಿ ತೋರಿಸಿದ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಅದರಿಂದ ಆಯಸ್ಸು ಸಿಗುತ್ತದೆ, ಗುಣವಾಗುವುದಿಲ್ಲ.

ಬೇಗ ಹುಡುಕಿದರೆ ಜೀವ ಉಳಿಯುತ್ತದೆಯೆ? ಉಳಿಯುತ್ತದೆ. ಯುರೋಪಿನ ಎಂಟು ದೇಶಗಳಲ್ಲಿ, 55ರಿಂದ 69 ವಯಸ್ಸಿನ 1,60,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಕರೆಸಿಕೊಂಡವರ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಶೇ 13ರಷ್ಟು ಕಡಿಮೆ.

ನಮ್ಮ ಮಟ್ಟಿಗೆ ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಸರಕಾರದ ತಪಾಸಣೆ ಕಾರ್ಯಕ್ರಮ ನೋಡುವುದು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳನ್ನು. ಪ್ರಾಸ್ಟೇಟ್ ಅದರಲ್ಲಿಲ್ಲ. ಮೂತ್ರದ ತೊಂದರೆಯನ್ನು ಹೆಂಡತಿಗೂ ಹೇಳದ, ಗುದದ್ವಾರದ ಪರೀಕ್ಷೆ ಎಂದರೆ ಆಸ್ಪತ್ರೆಯಿಂದಲೇ ಎದ್ದು ಹೋಗುವ ಗಂಡಸರು ನಮ್ಮಲ್ಲಿ ಬಹಳ. ಅಂಥವರು ಹೇಗಿದ್ದರೂ ಸಕ್ಕರೆಗೆಂದು ರಕ್ತ ಕೊಡುತ್ತಾರೆ. ಅದೇ ರಕ್ತದಲ್ಲಿ ಇದನ್ನೂ ನೋಡಿದರೆ ನಾಚಿಕೆ ಪಡುವ ಸಂದರ್ಭವೇ ಬರುವುದಿಲ್ಲ.

ವಿರೋಧ: ಸೂಜಿಗಿಂತ ಮೊದಲು ಮಾತು

ನಾಚಿಕೆ ಪಡುವ ಸಂದರ್ಭವೇ ಬರುವುದಿಲ್ಲ ಎಂಬುದೇ ನನ್ನ ಆತಂಕ. ಆ ಸಂದರ್ಭವಿಲ್ಲ ಎಂದರೆ ವೈದ್ಯರೊಡನೆ ಮಾತೂ ಇಲ್ಲ. ಯಾವುದಕ್ಕೆ ಒಪ್ಪುತ್ತಿದ್ದೇನೆಂದು ತಿಳಿಯದೆ ಒಬ್ಬ ಮನುಷ್ಯ ರಕ್ತ ಕೊಡುತ್ತಾನೆ. ಸಂಜೆ ಮೊಬೈಲಿಗೆ ವರದಿ ಬರುತ್ತದೆ: ಪಿಎಸ್‌ಎ 6.8, ಪಕ್ಕದಲ್ಲಿ ಕೆಂಪು ಗುರುತು. ಆ ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ.

ಗ್ರಂಥಿ ದಪ್ಪವಾಗಿದ್ದರೂ, ಮೂತ್ರದ ಸೋಂಕಿದ್ದರೂ, ಈಚೆಗೆ ಕ್ಯಾಥೆಟರ್ ಹಾಕಿದ್ದರೂ ಈ ಅಂಕಿ ಏರುತ್ತದೆ. 4ರಿಂದ 10ರ ನಡುವೆ ಇದ್ದವರಿಗೆ ಬಯಾಪ್ಸಿ ಮಾಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗಷ್ಟೇ ಕ್ಯಾನ್ಸರ್ ಸಿಗುತ್ತದೆ. ತದ್ವಿರುದ್ಧವೂ ಉಂಟು. ಗ್ರಂಥಿ ಕುಗ್ಗಿಸಲು ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳು ಆರು ತಿಂಗಳಲ್ಲಿ ಪಿಎಸ್‌ಎಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ. ಅಂಥವರ 3 ಎಂದರೆ ಸುಮಾರು 6 ಎಂದು ಓದಬೇಕು. ಲ್ಯಾಬಿನ ಯಂತ್ರಕ್ಕೆ ಮಾತ್ರೆಯ ವಿಷಯ ತಿಳಿಯದು, ಅದು ‘ನಾರ್ಮಲ್’ ಎಂದು ಅಚ್ಚು ಹಾಕಿ ಕೊಡುತ್ತದೆ. ಕೇಳಿ ತಿಳಿಯಬೇಕಾದವರು ವೈದ್ಯರು. ರೋಗಿಗೆ ಕಲಿಸುವುದಕ್ಕಿಂತ ಮೊದಲು ಊರೂರಿನ ಕುಟುಂಬ ವೈದ್ಯರಿಗೆ ಇದನ್ನು ಕಲಿಸಬೇಕು.

ಪರವಾದಿಗಳು ಹೇಳಿದ ಶೇ 13ರ ಬೆನ್ನಿಗೇ ಅದೇ ಅಧ್ಯಯನದ ಇನ್ನೆರಡು ಅಂಕಿಗಳಿವೆ. ಒಂದು ಸಾವು ತಪ್ಪಿಸಲು 456 ಜನರನ್ನು ಪರೀಕ್ಷೆಗೆ ಕರೆಯಬೇಕಾಯಿತು, ಹೆಚ್ಚುವರಿಯಾಗಿ 12 ಜನರಿಗೆ ‘ನಿಮಗೆ ಕ್ಯಾನ್ಸರ್ ಇದೆ’ ಎಂದು ಹೇಳಬೇಕಾಯಿತು. ಒಬ್ಬ ಉಳಿದ, ಅದು ಸಣ್ಣ ಮಾತಲ್ಲ. ಉಳಿದ ಹನ್ನೊಂದು ಮಂದಿಯ ಗತಿ? ಅವರಲ್ಲಿ ಹಲವರಿಗೆ ಆ ಗಡ್ಡೆ ಜೀವಮಾನದಲ್ಲಿ ತೊಂದರೆ ಕೊಡುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೆಲವರು ಕೆಮ್ಮಿದರೂ ಮೂತ್ರ ಜಿನುಗಿ ಪ್ಯಾಡ್ ಕಟ್ಟಿಕೊಳ್ಳುತ್ತಾರೆ. ಬಹಳ ಜನ ಲೈಂಗಿಕ ಶಕ್ತಿ ಕಳೆದುಕೊಳ್ಳುತ್ತಾರೆ, ಅದನ್ನು ಯಾರಿಗೂ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಪಿಎಸ್‌ಎಯಿಂದ ಪತ್ತೆಯಾದ 1,643 ಮಂದಿಯನ್ನು ಶಸ್ತ್ರಚಿಕಿತ್ಸೆ, ವಿಕಿರಣ, ಬರಿಯ ನಿಗಾ ಎಂದು ಮೂರು ಗುಂಪು ಮಾಡಿ ನೋಡಿದರು. ಹದಿನೈದು ವರ್ಷಗಳ ಬಳಿಕ ಈ ಕ್ಯಾನ್ಸರಿನಿಂದ ಸತ್ತವರು ಮೂರರಲ್ಲೂ ಶೇ 3ರ ಆಸುಪಾಸು. ನಿಗಾದಲ್ಲಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಮುಂದೆ ಚಿಕಿತ್ಸೆ ಪಡೆದರು, ನಿಜ. ಆದರೆ ಯೋಚಿಸಲು ಅವರಿಗೆ ಸಮಯ ಸಿಕ್ಕಿತು.

ಈ ಪ್ರೋಟೀನಿನ ಬಗ್ಗೆ 1970ರಲ್ಲೇ ಬರೆದ ವಿಜ್ಞಾನಿ ರಿಚರ್ಡ್ ಆಬ್ಲಿನ್, 2010ರಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದು ಎಲ್ಲರಿಗೂ ಈ ಪರೀಕ್ಷೆ ಮಾಡುವುದನ್ನು ಖಂಡಿಸಿದರು. ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ಬೇಡವೇ ಬೇಡ ಎಂದಿತು. ಅದು ಅತಿಯಾಯಿತೆಂದು ನನಗೂ ಅನ್ನಿಸುತ್ತದೆ. 2018ರಲ್ಲಿ ಅದೇ ಸಮಿತಿ, 55ರಿಂದ 69ರವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಎಂದಿತು. ನಾನು ಒಪ್ಪುವುದು ಇದನ್ನೇ.

ಪ್ಯಾಕೇಜಿನಲ್ಲಿ ಒಂದು ಸಲ ಮಾಡಿಸಿ ಮರೆಯುವುದರಿಂದಲಂತೂ ಲಾಭ ತೀರ ಅಲ್ಪ. ಬ್ರಿಟನ್ನಿನ ನಾಲ್ಕು ಲಕ್ಷಕ್ಕೂ ಹೆಚ್ಚು ಗಂಡಸರ ಅಧ್ಯಯನದಲ್ಲಿ, ಒಂದೇ ಬಾರಿಯ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಹದಿನೈದು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಶೇ 0.69, ಕರೆಯದವರಲ್ಲಿ ಶೇ 0.78.

ಹೇಳಬೇಕಾದ ಮಾತು ದೊಡ್ಡದೇನಲ್ಲ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಇತ್ತೆ? ಇದ್ದರೆ ಅಪಾಯ ಸುಮಾರು ಎರಡರಷ್ಟು, ಪರೀಕ್ಷೆಯ ಮಾತನ್ನು ಇನ್ನೂ ಮೊದಲೇ ಆಡಬೇಕು. ಯಾವ ಮಾತ್ರೆ ನಡೆಯುತ್ತಿದೆ? ಅಂಕಿ ಏರಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡುತ್ತೇವೆ, ಬಯಾಪ್ಸಿಗೆ ಮೊದಲು ಎಂಆರ್‌ಐ ಮಾಡುತ್ತೇವೆ, ಸಣ್ಣ ಗಡ್ಡೆ ಸಿಕ್ಕರೆ ಕಾದು ನೋಡುವ ದಾರಿಯೂ ಇದೆ. ಹೊರರೋಗಿ ವಿಭಾಗದ ಗದ್ದಲದಲ್ಲಿ ವೈದ್ಯರಿಗೆ ಇಷ್ಟಕ್ಕೂ ಬಿಡುವಿಲ್ಲದಿದ್ದರೆ, ತರಬೇತಾದ ನರ್ಸ್ ಹೇಳಲಿ, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯನ್ನು ಮನೆಗೆ ಕಳಿಸಲಿ, ಓದಿಕೊಂಡು ಮುಂದಿನ ವಾರ ಬಂದು ರಕ್ತ ಕೊಡಲಿ. ಆ ವ್ಯವಸ್ಥೆ ಆಗುವ ತನಕ ಲ್ಯಾಬ್‌ಗಳು ಪಿಎಸ್‌ಎಯನ್ನು ಪ್ಯಾಕೇಜಿನಿಂದ ತೆಗೆದು, ವೈದ್ಯರ ಚೀಟಿ ತಂದವರಿಗೆ ಮಾತ್ರ ಮಾಡಲಿ.