ತಟ್ಟೆ ಸರಿಯಾಗೇ ತಿರುಗ್ತಿದೆ, ಗುಂಯ್ ಅನ್ನೋದು ಬೇರೆ

ಹೊಸದುರ್ಗದ ಗೆಳೆಯರೊಬ್ಬರು ಮೊನ್ನೆ ಫೋನ್ ಮಾಡಿದ್ರು. ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ತಂದಿದ್ದಾರೆ. "ನಮ್ಮ ಕಡೆ ಕರೆಂಟಿಗೆ ತಟ್ಟೆ ಒಂದೇ ಸಮ ತಿರುಗಲ್ಲ ಮಾರಾಯ, ಟ್ರಾನ್ಸ್‌ಫಾರ್ಮರ್ ಹೊರಗೆ ತೆಗೆದು ಬೇರೆ ಡಬ್ಬಿಗೆ ಹಾಕಿಸ್ತೀನಿ" ಅಂದ್ರು. ಹೊರಗೆ ತೆಗೆಯೋದಕ್ಕೆ ನನ್ನ ಓಟು ಇದೆ. ಆದ್ರೆ ಅವರು ಕೊಟ್ಟ ಕಾರಣಕ್ಕಲ್ಲ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹಳೇ ಪ್ಲೇಯರುಗಳಲ್ಲಿ ಎಸಿ ಸಿಂಕ್ರೊನಸ್ ಮೋಟಾರು ಇರ್ತಿತ್ತು, ಅದು ಕರೆಂಟಿನ ಫ್ರೀಕ್ವೆನ್ಸಿಯ ಗುಲಾಮ. 50 ಹರ್ಟ್ಸ್ ಇರಬೇಕಾದದ್ದು 48ಕ್ಕೆ ಇಳಿದ್ರೆ ಹಾಡು ಶೇಕಡಾ 4ರಷ್ಟು ನಿಧಾನ. ಅಂದ್ರೆ ಶ್ರುತಿ ಅರ್ಧ ಸ್ವರಸ್ಥಾನಕ್ಕಿಂತ ಜಾಸ್ತಿ ಕೆಳಗೆ! 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ಗೆ ಸೇರಿದ ಮೇಲೆ ಆ ಕಾಟ ಬಹಳ ಕಮ್ಮಿ ಆಯ್ತು.

ಆದ್ರೆ 1979ರ ಟೆಕ್ನಿಕ್ಸ್ ಎಸ್ಎಲ್-1200 ಎಂಕೆ2ನಂಥ ಕ್ವಾರ್ಟ್ಜ್ ಟರ್ನ್‌ಟೇಬಲ್‌ಗೆ ಗ್ರಿಡ್ಡಿನ ಹಂಗೇ ಇಲ್ಲ. ಒಳಗಿನ ಹರಳು ಹೇಳಿದ ವೇಗಕ್ಕೆ ತಟ್ಟೆ ತಿರುಗುತ್ತೆ. ವೋಲ್ಟೇಜು ಸ್ವಲ್ಪ ಏರಿಳಿದ್ರೂ ರೆಗ್ಯುಲೇಟರ್ ನೋಡ್ಕೊಳ್ಳುತ್ತೆ. "ಮತ್ತೆ ಸ್ಟ್ರೋಬ್ ಕಾರ್ಡಲ್ಲಿ ಗೆರೆ ಸರಿಯುತ್ತಲ್ಲ?" ಅಂದ್ರು. ಯಾವ ಬೆಳಕಲ್ಲಿ ನೋಡಿದ್ರಿ ಅಂತ ಕೇಳಿದೆ. ಚೋಕ್ ಇರೋ ಹಳೇ ಟ್ಯೂಬ್‌ಲೈಟಲ್ಲಂತೆ! ಸ್ವಾಮಿ, ಆ ದೀಪ ಮಿನುಗೋದು ಗ್ರಿಡ್ಡಿನ ತಾಳಕ್ಕೆ. ಗ್ರಿಡ್ ಚೂರು ಅಲುಗಿದ್ರೂ ಗೆರೆ ಸರಿಯುತ್ತೆ. ತಪ್ಪಿದ್ದು ದೀಪ, ತಟ್ಟೆ ಅಲ್ಲ.

ಹಾಗಾದ್ರೆ ಹೊರಗೆ ಯಾಕೆ ತೆಗೀಬೇಕು? ಗುಂಯ್ ಅನ್ನೋ ಹಮ್ಮಿಗಾಗಿ. ಕಾರ್ಟ್ರಿಜ್‌ನಿಂದ ಬರೋದು ಕೆಲವೇ ಮಿಲಿವೋಲ್ಟು, ಅದರ ಹತ್ತಿರವೇ ಟ್ರಾನ್ಸ್‌ಫಾರ್ಮರ್ ಕೂತು ಗುನುಗ್ತಾ ಇರುತ್ತೆ. ಮೊದಲು ಪರೀಕ್ಷೆ ಮಾಡಿ. ಮುಳ್ಳು ಎತ್ತಿಟ್ಟು, ಆಂಪ್ಲಿಫೈಯರ್ ಹಾಕಿ, ಟರ್ನ್‌ಟೇಬಲ್ ಪ್ಲಗ್ ಕಿತ್ತು ನೋಡಿ. ಹಮ್ ನಿಂತ್ರೆ ಬಹುಶಃ ಟ್ರಾನ್ಸ್‌ಫಾರ್ಮರ್ ಕೆಲಸ. ನಿಲ್ಲದಿದ್ರೆ ಅರ್ತ್ ವೈರ್ ನೋಡಿ, ಸುಮ್ಮನೆ ಪೆಟ್ಟಿಗೆ ಬಿಚ್ಚಬೇಡಿ.

ನಾನು ಈ ದಾರಿಗೆ ಬಂದದ್ದು ದಡ್ಡತನದಿಂದ. ಜಪಾನಿನ 100 ವೋಲ್ಟಿನ ಪ್ಲೇಯರನ್ನ ಹೊಳಲ್ಕೆರೆ ಮನೇಲಿ ನೇರ 230ಕ್ಕೆ ಚುಚ್ಚಿದೆ. ಹಿಂದಿದ್ದ ಸ್ಟಿಕ್ಕರ್ ಓದಿರಲಿಲ್ಲ. ವಾಸನೆ ಬಂತು, ಟ್ರಾನ್ಸ್‌ಫಾರ್ಮರ್ ಹೋಯ್ತು. ಬೋರ್ಡು ಉಳಿದದ್ದು ಅಪ್ಪನ 'ನಾಗರಹಾವು' ರೆಕಾರ್ಡಿನ ಪುಣ್ಯ ಇರಬೇಕು. ಚಿತ್ರದುರ್ಗದಲ್ಲಿ ಮೈಕ್ ಸೆಟ್ ರಿಪೇರಿ ಮಾಡೋ ಹಿರಿಯರೊಬ್ಬರು 230ರಿಂದ ಮೊದಲಿನಷ್ಟೇ ವೋಲ್ಟೇಜು ಕೊಡೋ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟರು. ಅದನ್ನ ಕಬ್ಬಿಣದ ಡಬ್ಬಿಗೆ ಹಾಕಿ, ಡಬ್ಬಿಗೆ ಅರ್ತ್ ಕೊಟ್ಟು, 230ರ ಕಡೆ ಫ್ಯೂಸ್ ಇಟ್ಟರು. ರೆಕ್ಟಿಫೈಯರ್, ರೆಗ್ಯುಲೇಟರ್ ಮುಟ್ಟಲಿಲ್ಲ. ಡಬ್ಬಿಯಿಂದ ಪ್ಲೇಯರಿಗೆ ಹೋಗೋದು ಕಡಿಮೆ ವೋಲ್ಟೇಜಿನ ಎಸಿ ಮಾತ್ರ. ಕನೆಕ್ಟರ್ ಬೇರೆ ಯಾವ ಸಾಕೆಟ್ಟಿಗೂ ಹೋಗದಂಥದ್ದು, ಇದು ಮುಖ್ಯ, ಮನೇಲಿ ಮಕ್ಕಳಿರ್ತಾರೆ. ಸುಟ್ಟ ಟ್ರಾನ್ಸ್‌ಫಾರ್ಮರ್ ಇದ್ದ ಜಾಗದಲ್ಲಿ ಹೊಸ ತೂತು ಕೊರೆಯೋಕೆ ನಾನು ಬಿಡಲಿಲ್ಲ.

ವೇಗ ಮೊದಲಿನಷ್ಟೇ ಇದೆ. ಗುಂಯ್ ಮಾತ್ರ ಹೋಗಿದೆ. ಗೆಳೆಯರು ಭಾನುವಾರ ಹಿರಿಯೂರಿಗೆ ಬರ್ತಾರಂತೆ, ಪ್ಲಗ್ ಕಿತ್ತು ನೋಡಿದ್ರಾ ಅಂತ ಮೊದಲು ಕೇಳ್ತೀನಿ.