ಕೂಸಿನ ಅಂಗಿ ಎತ್ತಿಡುವ ಮುಂಚೆ



ಬಾರಸದ ದಿನ ತೋಳು ಮಡಚಿ ತೊಡಿಸಿದ ಝಬಲಾ ಮೂರು ತಿಂಗಳಾಗುವಷ್ಟರಲ್ಲಿ ಕಂಕುಳಲ್ಲಿ ಹಿಡಿಯತೊಡಗುತ್ತದೆ. ಯಾರಿಗಾದರೂ ಕೊಟ್ಟುಬಿಡೋಣ ಎಂದರೆ ಮನಸ್ಸು ಬರುವುದಿಲ್ಲ. "ಇರಲಿ ಬಿಡ್ರಿ, ಮುಂದ ಬೇಕಾಗತಾವ" ಎಂದು ಗಂಟು ಕಟ್ಟಿ ಟ್ರಂಕಿಗೆ ಹಾಕುತ್ತೇವೆ, ಮೇಲೆ ನಾಲ್ಕು ಡಾಂಬರ ಗುಳಿಗೆ ಎಸೆದು ಮುಚ್ಚಳ ಮುಚ್ಚುತ್ತೇವೆ. ಅಲ್ಲಿಗೆ ಮುಗಿಯಿತು ಎಂದು ನಮ್ಮ ಲೆಕ್ಕ.

ಕಾಗವಾಡದ ಒಬ್ಬ ಸೋದರಿ ಬರೆದಿದ್ದಾರೆ. ಅವರ ಮಗನ ಅಂಗಿಗಳು ಎಂಟು ವರ್ಷದಿಂದ ಹೀಗೇ ಟ್ರಂಕಿನಲ್ಲಿವೆ. ಈಗ ತಂಗಿಗೆ ಏಳು ತಿಂಗಳು. ಕುಬಸ ಮುಗಿದು ತವರಿಗೆ ಬಂದಿದ್ದಾಳೆ. "ಅಂಗಿ ಹೊಸದರ ಹಾಗೇ ಇವೆ, ತೆಗೆದು ಹಾಗೇ ಕೊಡಬಹುದೇ?" ಎಂಬುದು ಅವರ ಪ್ರಶ್ನೆ.

ಹಾಗೇ ಕೊಡಬೇಡಿರಿ. ಕಾರಣ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರಿಸದೆ ಓದಿರಿ.

ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ. ಚೆನ್ನಾಗಿ ಬೆಳೆದ ಮಗುವಿನ ಹಳೆಯ ಅಂಗಿಯನ್ನೇ ಕೇಳಿ ತಂದು ಹಾಕುತ್ತಾರೆ. ಪದ್ಧತಿ ಒಳ್ಳೆಯದೇ. ನಾಲ್ಕಾರು ಸಲ ಒಗೆದ ಅರಿವೆ ಮೆತ್ತಗಿರುತ್ತದೆ, ಗಂಜಿ, ಹಸಿ ಬಣ್ಣ ಏನೂ ಉಳಿದಿರುವುದಿಲ್ಲ. ಆದರೆ ಇದರಿಂದ, ಎಂಟು ವರ್ಷ ಗುಳಿಗೆಯ ಜೊತೆ ಇದ್ದ ಅಂಗಿ ನೇರವಾಗಿ ಒಂದು ದಿನದ ಕೂಸಿನ ಮೈಗೆ ಹೋಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಈ ಬಿಳಿ ಗುಳಿಗೆಗೆ ನ್ಯಾಫ್ತಲೀನ್ ಎಂದು ಹೆಸರು. ಅದು ದಿನದಿನಕ್ಕೆ ಸಣ್ಣದಾಗುತ್ತ ಹೋಗುವುದನ್ನು ನೀವು ನೋಡಿದ್ದೀರಿ. ಅದು ಎಲ್ಲಿಗೆ ಹೋಯಿತು? ಆವಿಯಾಗಿ ಬಟ್ಟೆಯೊಳಗೇ ಸೇರಿತು. ಕೂಸು ಅದನ್ನು ಉಸಿರಿನಲ್ಲಿ ಎಳೆದುಕೊಳ್ಳುತ್ತದೆ, ಚರ್ಮದಿಂದಲೂ ಅದು ಒಳಗೆ ಇಳಿಯುತ್ತದೆ. ನ್ಯಾಫ್ತಲೀನ್ ಎಣ್ಣೆಯಲ್ಲಿ ಕರಗುವ ವಸ್ತು. ನಾವೋ ದಿನಾ ಎಣ್ಣೆ ತಿಕ್ಕಿ ಕೂಸಿಗೆ ಎರೆಯುವವರು! ಎಣ್ಣೆಯ ಮೈಗೆ ಅದು ಇನ್ನೂ ಸುಲಭವಾಗಿ ಹತ್ತುತ್ತದೆ.

ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕೊರತೆ ಇರುತ್ತದೆ. ಡಾಕ್ಟರರು ಅದಕ್ಕೆ 'ಜಿ ಸಿಕ್ಸ್ ಪಿಡಿ' ಕೊರತೆ ಎನ್ನುತ್ತಾರೆ. ತಾಯಿಯಿಂದ ಬರುವುದು, ಗಂಡು ಕೂಸುಗಳಲ್ಲಿ ಹೆಚ್ಚು. ನೋಡಿದರೆ ಗೊತ್ತಾಗುವುದಿಲ್ಲ, ರಕ್ತ ಪರೀಕ್ಷೆ ಮಾಡಿಸಿದರೇ ತಿಳಿಯುವುದು. ಇಂಥ ಕೂಸಿಗೆ ನ್ಯಾಫ್ತಲೀನ್ ತಗುಲಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಣಿ ವಿಪರೀತ ಏರುತ್ತದೆ. ಏರಿದ ಕಾಮಣಿ ಮಿದುಳಿಗೆ ಮುಟ್ಟಿದರೆ ಕಿವಿ, ಬುದ್ಧಿ, ಕೆಲವೊಮ್ಮೆ ಜೀವಕ್ಕೇ ಅಪಾಯ. ಗ್ರೀಸ್ ದೇಶದ ವೈದ್ಯರು ೧೯೬೩ರಲ್ಲೇ ಇಂಥ ೨೧ ಹಸುಗೂಸುಗಳ ವಿವರ ಪ್ರಕಟಿಸಿದ್ದರು. ಗುಳಿಗೆ ಹಾಕಿಟ್ಟ ಬಟ್ಟೆ ಹೊದಿಕೆಗಳೇ ಕಾರಣವಾಗಿದ್ದವು. ಆ ಕೂಸುಗಳಲ್ಲಿ ಕೆಲವು ಉಳಿಯಲಿಲ್ಲ. ಈ ಕೊರತೆ ಇಲ್ಲದ ಕೂಸುಗಳೂ ಅವುಗಳಲ್ಲಿ ಇದ್ದವು. ಯುರೋಪಿನ ದೇಶಗಳು ೨೦೦೮ರಲ್ಲಿ ನ್ಯಾಫ್ತಲೀನ್ ಗುಳಿಗೆಯನ್ನು ನಿಲ್ಲಿಸಿದವು. ನಮ್ಮಲ್ಲಿ ಕಿರಾಣಿ ಅಂಗಡಿಯಲ್ಲಿ ಇವತ್ತಿಗೂ ಸಿಗುತ್ತದೆ.

ಹುಟ್ಟಿದ ವಾರದಲ್ಲಿ ಕೂಸು ಒಂದಿಷ್ಟು ಹಳದಿಯಾಗುವುದು ಸಾಮಾನ್ಯ. ತೊಂದರೆ ಇರುವುದು ಅಲ್ಲೇ. "ಎಲ್ಲಾ ಕೂಸಿಗೂ ಆಗತೈತಿ, ಎಳೀ ಬಿಸಲಿಗೆ ಹಿಡೀರಿ" ಎಂದು ದಿನ ಕಳೆಯುತ್ತೇವೆ. ಹಳದಿ ಹೊಟ್ಟೆ ಕಾಲಿಗೆ ಇಳಿದರೆ, ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿದರೆ, ಕೂಸು ಬಿಳಿಚಿಕೊಂಡರೆ, ಮೊಲೆ ಹಿಡಿಯದೆ ಮಂಕಾಗಿ ಮಲಗಿದರೆ, ನಾಟಿ ಔಷಧ ಹುಡುಕುತ್ತ ಕೂಡಬೇಡಿರಿ. ಅದೇ ದಿನ, ರಾತ್ರಿಯಾದರೂ ಸರಿ, ದವಾಖಾನೆಗೆ ಒಯ್ಯಿರಿ. ಬಟ್ಟೆಗೆ ಗುಳಿಗೆ ಹಾಕಿದ್ದೆವು ಎಂಬ ಮಾತನ್ನು ಡಾಕ್ಟರರಿಗೆ ತಪ್ಪದೆ ಹೇಳಿರಿ.

ಇನ್ನು ಕಾಗವಾಡದ ಸೋದರಿಗೆ. ಗಂಟನ್ನು ಮನೆಯೊಳಗೆ ಬಿಚ್ಚಬೇಡಿರಿ, ಅಂಗಳದಲ್ಲಿ ಬಿಚ್ಚಿರಿ. ಆ ಕೆಲಸ ಬಸುರಿ ತಂಗಿಗೆ ಹಚ್ಚಬೇಡಿರಿ. ಗುಳಿಗೆಯ ಚೂರು, ಪುಡಿ ಎಲ್ಲ ಝಾಡಿಸಿ ತೆಗೆದು, ಸಣ್ಣ ಮಕ್ಕಳ ಕೈಗೆ ಸಿಗದಂತೆ ಕಾಗದದಲ್ಲಿ ಕಟ್ಟಿ ಕಸಕ್ಕೆ ಹಾಕಿರಿ. ಪೆಪ್ಪರಮಿಂಟ್ ಎಂದು ಬಾಯಿಗೆ ಹಾಕಿಕೊಂಡಾವು. ಹತ್ತಿಯ ಬಟ್ಟೆಯನ್ನು ಬಿಸಿನೀರು ಸಾಬೂನಿನಲ್ಲಿ ಎರಡು ಮೂರು ಸಲ ಒಗೆದು, ಐದಾರು ದಿನ ಗಾಳಿ ಬಿಸಿಲಿಗೆ ಹರವಿರಿ. ಆಮೇಲೆ ಮೂಗಿಗೆ ಹಿಡಿದು ನೋಡಿರಿ. ವಾಸನೆ ಇರುವವರೆಗೆ ಗುಳಿಗೆ ಬಟ್ಟೆಯಲ್ಲೇ ಇದೆ ಎಂದು ತಿಳಿಯಿರಿ. ಹೋಗದಿದ್ದರೆ ಆ ಅಂಗಿ ಕೂಸಿಗೆ ಬೇಡ. ತಂಗಿಗೆ ಇನ್ನೂ ಎರಡು ತಿಂಗಳಿದೆ, ಈಗಲೇ ಶುರು ಮಾಡಿದರೆ ಸಾಕಷ್ಟು ಸಮಯವಿದೆ.

ಅತ್ತೆಯವರು "ನಾವು ಇದನ್ನ ಹಾಕಿ ನಾಕ್ ಮಕ್ಕಳನ್ನ ಬೆಳಸೀವಿ" ಅನ್ನಬಹುದು. ಅವರ ಮಾತೂ ಸುಳ್ಳಲ್ಲ, ಎಲ್ಲ ಕೂಸಿಗೂ ಆಗುವಂಥದ್ದಲ್ಲ ಇದು. ಯಾವ ಕೂಸಿಗೆ ಆಗುತ್ತದೋ ಮೊದಲೇ ಗೊತ್ತಾಗುವುದಿಲ್ಲವಲ್ಲ! ವಾದ ಬೇಡ. "ಅತ್ತಿ, ಈ ಸಲ ಗುಳಿಗಿ ಬ್ಯಾಡ್ರಿ, ನಿಮ್ಮ ಕಾಲದಾಗ ಬಜಿ ಇಡತಿದ್ರಲ್ಲಾ, ಅದನ್ನ ಇಡೂಣ್ರಿ" ಅಂದು ನೋಡಿರಿ. ಬಜೆ ಹುಡುಕಿಕೊಡುವವರು ಅವರೇ ಆಗುತ್ತಾರೆ.

ನಿಜ ಹೇಳಬೇಕೆಂದರೆ ಹತ್ತಿಯ ಅಂಗಿಗೆ ಗುಳಿಗೆ ಬೇಕಾಗಿಯೇ ಇಲ್ಲ. ಬಟ್ಟೆ ತಿನ್ನುವ ನುಸಿಗೆ ಬೇಕಾದದ್ದು ಉಣ್ಣೆ ಮತ್ತು ರೇಷ್ಮೆ. ಹತ್ತಿಯನ್ನು ಹಾಳುಮಾಡುವುದು ಮೂರು: ಹಾಲಿನ ಕಲೆ, ಗಂಜಿ, ಹಸಿ. ಕಕ್ಕಿದ ಹಾಲಿನ ಕಲೆ ಒಗೆದಾಗ ಕಾಣದಿದ್ದರೂ ವರ್ಷ ಕಳೆದ ಮೇಲೆ ಹಳದಿಯಾಗಿ ಎದ್ದು ಬರುತ್ತದೆ. ಆದ್ದರಿಂದ ಎತ್ತಿಡುವ ಮುಂಚೆ ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸಾಬೂನು ಹಚ್ಚಿರಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಕಲೆ ಕೂತುಬಿಡುತ್ತದೆ. ಎಣ್ಣೆಯ ಜಿಡ್ಡಿಗೆ ಕಡಲೆಹಿಟ್ಟು ತಿಕ್ಕಿರಿ. ಗಂಜಿ ಹಾಕಲೇಬೇಡಿ, ಅದರ ಆಸೆಗೇ ಹುಳ ಬರುತ್ತದೆ. ಕಬ್ಬಿಣದ ಪಿನ್ನು, ಒತ್ತು ಗುಂಡಿ ಇದ್ದರೆ ಬಿಚ್ಚಿ ತೆಗೆಯಿರಿ, ಜಂಗು ಹಿಡಿದರೆ ಆ ಕಲೆ ಹೋಗುವುದಿಲ್ಲ.

ಎರಡು ದಿನ ಪೂರ್ತಿ ಒಣಗಿಸಿ, ಬಟ್ಟೆ ತಣ್ಣಗಾದ ಮೇಲೆ ಬಿಗಿಯಾಗಿ ಮಡಿಚದೆ ಸಡಿಲಾಗಿ ಸುತ್ತಿರಿ. ಬಣ್ಣ ಬಿಡದ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿರಿ. ಪೇಪರಿನಲ್ಲಿ ಸುತ್ತಿದರೆ ಮಸಿ ಹತ್ತುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಹಸಿ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಟ್ರಂಕಿರಲಿ, ತಿಜೋರಿಯಿರಲಿ, ತಳಕ್ಕೆ ಅರಿವೆ ಹಾಸಿರಿ.

ನಿಪ್ಪಾಣಿ ಕಡೆಯವರಿಗೆ ಒಂದು ಮಾತು. ಉಣ್ಣೆ ಬಟ್ಟೆಯ ನಡುವೆ ತಂಬಾಕಿನ ಎಲೆ ಇಡುವವರಿದ್ದಾರೆ. ಕೂಸಿನ ಬಟ್ಟೆಗೆ ಅದೂ ಬೇಡ. ಹಸಿ ತಂಬಾಕು ಕೊಯ್ಯುವ ಆಳುಗಳಿಗೆ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಅದರ ವಿಷ ಚರ್ಮದಿಂದಲೇ ಒಳಗೆ ಹೋಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಮೇಲಾಗಿ ತಂಬಾಕಿನಲ್ಲೇ ಹುಟ್ಟಿ ತಂಬಾಕನ್ನೇ ತಿನ್ನುವ ಸಣ್ಣ ಹುಳವೊಂದಿದೆ, ಎಲೆಯ ಜೊತೆ ಅದೂ ಟ್ರಂಕಿಗೆ ಬಂತೆಂದೇ ತಿಳಿಯಿರಿ. ಕರ್ಪೂರವೂ ಹಸುಗೂಸಿಗೆ ಒಳ್ಳೆಯದಲ್ಲ. ಉಣ್ಣೆಯ ಟೊಪ್ಪಿಗೆ, ಕಾಲುಚೀಲಗಳನ್ನು ಒಗೆದು ಬಿಸಿಲಿಗೆ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿ ಇಡಿರಿ. ಬಜೆಯ ಬೇರನ್ನೋ ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನೋ ಪುಟ್ಟ ಚೀಲದಲ್ಲಿ ಹಾಕಿಡಬಹುದು. ಆದರೆ ಅದನ್ನೇ ನಂಬಿ ವರ್ಷಗಟ್ಟಲೆ ಮುಚ್ಚಿಡಬೇಡಿ. ವರ್ಷಕ್ಕೊಮ್ಮೆ ತೆಗೆದು ಝಾಡಿಸುವುದೇ ನುಸಿಗೆ ನಿಜವಾದ ಔಷಧ. ಘಟ ಕೂಡಿಸುವ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯುತ್ತೇವಲ್ಲ, ಆಗ ಈ ಗಂಟನ್ನೂ ಬಿಸಿಲಿಗೆ ತನ್ನಿರಿ. ಮಳೆಗಾಲವೂ ಆಗ ಮುಗಿಯುತ್ತ ಬಂದಿರುತ್ತದೆ.

ಮಳೆಗಾಲ ಎಂದೊಡನೆ ಹೊಳೆಯ ನೆನಪು. ೨೦೧೯ರಲ್ಲಿ, ಮತ್ತೆ ೨೦೨೧ರಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದಾಗ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ದಂಡೆಯ ಊರಿನವರು ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಟ್ರಂಕುಗಳೆಲ್ಲ ನೆಲದ ಮೇಲೇ ಉಳಿದಿದ್ದವು. ಹೊಳೆದಂಡೆಯ ಸೋದರಿಯರು ಈ ಗಂಟನ್ನು ಅಟ್ಟದ ಮೇಲೆ, ಕೈಗೆ ಸಿಗುವಂತೆ ಇಡಿರಿ. ನೀರು ಬರುತ್ತದೆಂಬ ಸುದ್ದಿ ಬಂದಾಗ ಮಾತ್ರ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿರಿ, ನೀರು ಇಳಿದೊಡನೆ ಬಿಚ್ಚಿರಿ.

ಎಲ್ಲವನ್ನೂ ಇಡುವ ಹಂಬಲವೇಕೆ? ಬಾರಸದ ಕುಂಚಿಗೆ, ಆಯಿ ಕೈಯಾರೆ ಹೆಣೆದ ಟೊಪ್ಪಿಗೆ, ಮೆತ್ತನೆಯ ನಾಲ್ಕು ಝಬಲಾ, ಇಷ್ಟು ಸಾಕು ಎಂದು ನನ್ನ ಅಭಿಪ್ರಾಯ. ರಬ್ಬರು ಪಟ್ಟಿಯ ಚಡ್ಡಿ ಇಟ್ಟು ಉಪಯೋಗವಿಲ್ಲ, ಕೆಲ ವರ್ಷದಲ್ಲಿ ರಬ್ಬರು ಅಂಟಂಟಾಗಿ ಅರಿವೆಯನ್ನೂ ಕೆಡಿಸುತ್ತದೆ. ಉಳಿದದ್ದನ್ನು ಬೇಕಾದವರಿಗೆ ಕೊಡಿರಿ.

ಕುಂಚಿಗೆ ಖಣದ್ದು, ಜರಿಯದ್ದು ಆಗಿದ್ದರೆ ಜರಿ ಒಳಮುಖವಾಗಿರಲಿ, ನಡುವೆ ತೆಳು ಬಿಳಿ ಪಂಜೆಯ ತುಂಡು ಇಡಿರಿ. ಪ್ರತಿ ವರ್ಷ ಮಡಿಕೆಯ ಗೆರೆ ಬದಲಿಸಿರಿ, ಇಲ್ಲವಾದರೆ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಒಂದು ಅರಿವೆಯ ಪಟ್ಟಿಯ ಮೇಲೆ ಯಾರ ಕುಂಚಿಗೆ, ಯಾರು ಹೊಲಿದದ್ದು, ಯಾವ ವರ್ಷದ್ದು ಎಂದು ಸೀಸಕಡ್ಡಿಯಿಂದ ಬರೆದು ಗಂಟಿಗೆ ಹೊಲಿಯಿರಿ. "ಗುಳಿಗೆ ಹಾಕಿಲ್ಲ" ಎಂದೂ ಬರೆಯಿರಿ. ಆ ಗಂಟು ಬಿಚ್ಚುವ ಸೊಸೆಗೋ ಮಗಳಿಗೋ ಅದು ಬೇಕಾಗುವ ಮಾತು.

ಕೊಡಲೂ ಬಾರದಷ್ಟು ಸವೆದ ಅಂಗಿಗಳಿಂದ ತೊಟ್ಟಿಲ ಕೌದಿ ಹೊಲಿಯುವುದನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ. ತುಂಡುಗಳನ್ನು ಈಗಲೇ ಒಗೆದು ಬೇರೆ ಇಟ್ಟುಕೊಂಡಿರಿ.